ಬೆಂಗಳೂರಿಗೆ ಹೋದಾಗ ಯಾವ ಆರ್ಟ್ ಗ್ಯಾಲರಿ ನೋಡುವುದು?

ಬಳ್ಳಾರಿ, ಕೊಪ್ಪಳ, ರಾಯಚೂರಿನವರು ಆಸ್ಪತ್ರೆ, ಕೋರ್ಟು, ಮಕ್ಕಳ ಅಡ್ಮಿಷನ್, ಮದುವೆ ಅಂತ ಬೆಂಗಳೂರಿಗೆ ಹೋಗಿ ಬರುತ್ತಲೇ ಇರುತ್ತೇವೆ. ಕೆಲಸ ಮುಗಿದ ಮೇಲೆ ರಾತ್ರಿ ರೈಲಿನ ತನಕ ಅರ್ಧ ದಿನ ಖಾಲಿ ಉಳಿಯುತ್ತದೆ. ಆ ಹೊತ್ತಿನಲ್ಲಿ ಒಂದು ಆರ್ಟ್ ಗ್ಯಾಲರಿ ನೋಡಿ ಬನ್ನಿ ಎಂದರೆ, ‘ಅಷ್ಟೊಂದು ಇವೆ, ಯಾವುದಕ್ಕೆ ಹೋಗೋದು?’ ಎಂದು ಕೇಳುತ್ತಾರೆ. ನಿಮ್ಮ ಕಣ್ಣಿಗೆ ಈಗಾಗಲೇ ಪರಿಚಯ ಇರುವುದರಿಂದ ಶುರು ಮಾಡಿ ಎನ್ನುತ್ತೇನೆ ನಾನು. ದಿನಕ್ಕೆ ಎರಡಕ್ಕಿಂತ ಜಾಸ್ತಿ ಬೇಡ. ಮೂರನೆಯದಕ್ಕೆ ಹೋಗುವ ಹೊತ್ತಿಗೆ ಕಣ್ಣು ನೋಡುತ್ತಿರುತ್ತದೆ, ತಲೆಗೆ ಏನೂ ಹೋಗುವುದಿಲ್ಲ.

ಮೊದಲು: ನಿಮಗೇನು ಗೊತ್ತು ಎಂದು ನೋಡಿಕೊಳ್ಳಿ

‘ನಮಗೆ ಆರ್ಟ್ ಎಲ್ಲ ತಿಳಿಯಲ್ಲ’ ಎಂಬ ಮಾತನ್ನು ಬೇರೆ ಯಾರು ಹೇಳಿದರೂ ನಮ್ಮ ಭಾಗದವರು ಹೇಳಬಾರದು. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ತಲೆ ಎತ್ತಿ ಛಾವಣಿಯ ಚಿತ್ರ ನೋಡಿದವರು ನಾವು. ಕಿನ್ನಾಳದ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ, ಬಣ್ಣ ಹಚ್ಚಿ ಗೊಂಬೆ ಮಾಡುವುದು ಕೊಪ್ಪಳದ ಪಕ್ಕದಲ್ಲೇ. ತೊಗಲುಗೊಂಬೆ ಆಟಕ್ಕೆ ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಹೆಸರು ಎಲ್ಲರಿಗೂ ಗೊತ್ತು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ಕಲೆಗೆ.

ಇವುಗಳಲ್ಲಿ ನಿಮಗೆ ಯಾವುದು ಜಾಸ್ತಿ ಇಷ್ಟ? ಗೊಂಬೆಯೋ, ಗೋಡೆಯ ಚಿತ್ರವೋ, ದೇವರ ಪಟವೋ, ಫೋಟೊವೋ? ಅದನ್ನು ತೀರ್ಮಾನ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಆಮೇಲೆ: ಇಷ್ಟಕ್ಕೆ ತಕ್ಕ ಜಾಗ

ತೊಗಲುಗೊಂಬೆ ನೋಡಿ ಬೆಳೆದವರು ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಹೋಗಬೇಕು. ಮೊದಲ ಸಲ ಹೋಗುವ ಯಾರಿಗೇ ಆದರೂ ನಾನು ಹೇಳುವುದು ಇದನ್ನೇ. 1960ರಲ್ಲಿ ಶುರುವಾದ ಈ ಸಂಸ್ಥೆಯನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರು ತೊಗಲುಗೊಂಬೆಗಳನ್ನು ಹುಡುಕಿ ಉಳಿಸಿದವರು. ಆ ಸಂಗ್ರಹ ಇಲ್ಲಿದೆ. ಗೊಂಬೆಯ ಎದುರು ನಿಂತಾಗ ಸೀರೆಯ ಅಂಚನ್ನೋ ಕೊರಳ ಸರವನ್ನೋ ಹತ್ತಿರದಿಂದ ನೋಡಿ. ಅದು ಬರೀ ಬಣ್ಣ ಅಲ್ಲ. ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಅದರಲ್ಲಿ ಸಾಲಾಗಿ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಊರಲ್ಲಿ ಪರದೆಯ ಹಿಂದೆ ದೀಪ ಇಟ್ಟಾಗ ಒಡವೆ ಮಿನುಗಿದಂತೆ ಕಾಣುವುದು ಈ ತೂತುಗಳಿಂದಲೇ. ಆಟದಲ್ಲಿ ಗೊಂಬೆ ಒಂದು ಕಡೆ ನಿಲ್ಲುವುದಿಲ್ಲ, ನಮಗೂ ಕಥೆಯ ಮೇಲೇ ಗಮನ. ಗೊಂಬೆ ಮಾಡಿದವರ ಕೈಕೆಲಸವನ್ನು ನಿಧಾನವಾಗಿ ನೋಡಲು ಇಲ್ಲಿ ಪುರುಸೊತ್ತು ಸಿಗುತ್ತದೆ.

ಪರಿಷತ್ತಿನಲ್ಲಿ ಮೈಸೂರು ಶೈಲಿಯ ಹಳೆಯ ಚಿತ್ರಗಳಿವೆ. ರಷ್ಯಾದ ನಿಕೊಲಸ್ ರೋರಿಕ್ ಮತ್ತು ಅವರ ಮಗ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳೂ ಇವೆ. ಹಿಮಾಲಯವನ್ನು ಅಂಥ ನೀಲಿಯಲ್ಲಿ ಬರೆದವರು ಕಡಿಮೆ. ಇದಲ್ಲದೆ ಬಾಡಿಗೆಗೆ ಕೊಡುವ ಹಾಲ್‌ಗಳಲ್ಲಿ ಹೊಸ ಕಲಾವಿದರ ಪ್ರದರ್ಶನ ಬದಲಾಗುತ್ತಲೇ ಇರುತ್ತದೆ. ಕಲಾವಿದರು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ‘ಇದನ್ನು ಹೇಗೆ ಮಾಡಿದ್ರಿ?’ ಎಂದು ಕೇಳಿ ನೋಡಿ, ಖುಷಿಯಿಂದ ಹೇಳುತ್ತಾರೆ.

ದೇಶದ ಚಿತ್ರಕಲೆ ಹೇಗೆ ಬದಲಾಯಿತು ಎಂದು ಒಂದೇ ಕಡೆ ನೋಡುವ ಆಸೆ ಇದ್ದರೆ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ಜನ ಎನ್‌ಜಿಎಂಎ ಎನ್ನುತ್ತಾರೆ. ಮಾಣಿಕ್ಯವೇಲು ಮ್ಯಾನ್ಷನ್ ಎಂಬ ಹಳೆಯ ಬಂಗಲೆಯಲ್ಲಿ 2009ರಿಂದ ನಡೆಯುತ್ತಿದೆ. ಮರಗಳ ನೆರಳಿನ ಅಂಗಳ ಇದೆ, ವಯಸ್ಸಾದವರನ್ನು ಕರೆದುಕೊಂಡು ಹೋದರೆ ಕೂರಿಸಲು ಅನುಕೂಲ.

ಜಲವರ್ಣ ಇಷ್ಟಪಡುವವರಿಗೆ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ. ಕೆ. ವೆಂಕಟಪ್ಪನವರು ಕಲ್ಕತ್ತಾದಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತು ಬಂದವರು. ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತರು. ಊಟಿಯ ಬೆಟ್ಟ, ಮೋಡ, ಮಂಜು ಅವರ ಕೈಯಲ್ಲಿ ಬಹಳ ಮೃದುವಾಗಿ ಬಂದಿವೆ. ನಮ್ಮ ಬಿಸಿಲಿಗೆ ಒಗ್ಗಿದ ಕಣ್ಣಿಗೆ ಅದೇ ಬೇರೆ ಲೋಕ. ಅದೇ ರಸ್ತೆಯಲ್ಲಿ 2023ರಲ್ಲಿ ಶುರುವಾದ ‘ಮ್ಯಾಪ್’ ಇದೆ, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ. ಫೋಟೊ, ಬಟ್ಟೆ, ಸಿನಿಮಾ ಪೋಸ್ಟರ್ ಕೂಡ ಕಲೆಯೇ ಎಂದು ತೋರಿಸುವ ಜಾಗ. ಕಾಲೇಜು ಓದುವ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ.

ದೇವರ ಕೋಣೆಯ ಲಕ್ಷ್ಮಿ, ಸರಸ್ವತಿ ಪಟಗಳ ಮೂಲ ಹುಡುಕುವವರು ಬೆಂಗಳೂರಿನಲ್ಲಿ ಇಳಿಯದೆ ಹಂಪಿ ಎಕ್ಸ್‌ಪ್ರೆಸ್‌ನಲ್ಲೇ ಮೈಸೂರಿನ ತನಕ ಹೋಗಿ. ಅಲ್ಲಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ, ಅಂಥ ಪಟಗಳನ್ನು ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸಿದ ರಾಜಾ ರವಿವರ್ಮರ ಚಿತ್ರಗಳಿವೆ. 

ರಾಯಚೂರಿನವರಿಗೆ ಬೇರೆ ಲೆಕ್ಕ

ರಾಯಚೂರು, ಕೊಪ್ಪಳ 1956ರ ತನಕ ಹೈದರಾಬಾದ್ ರಾಜ್ಯದ ಭಾಗ. ರಾಯಚೂರಿಗಂತೂ ಈಗಲೂ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಹಾಗಿರುವಾಗ ಸುಮ್ನೆ ಬೆಂಗಳೂರಿಗೇ ಯಾಕೆ ಕಾಯಬೇಕು? ಸಾಲಾರ್ ಜಂಗ್ ಮ್ಯೂಸಿಯಂ ಒಂದೇ ಸಾಕು. ಆದರೆ ಅದು ಬಹಳ ದೊಡ್ಡದು, ಎಲ್ಲ ಕೋಣೆ ಸುತ್ತಲು ಹೋಗಬೇಡಿ. ‘ವೇಲ್ಡ್ ರೆಬೆಕಾ’ ಶಿಲ್ಪ ನೋಡಿ. ಇಟಲಿಯ ಬೆಂಜೋನಿ ಅಮೃತಶಿಲೆಯಲ್ಲೇ ಮುಖದ ಮೇಲೆ ತೆಳು ಪರದೆ ಕೆತ್ತಿದ್ದಾನೆ, ಪರದೆಯೊಳಗಿನ ಮೂಗು, ತುಟಿ ಎಲ್ಲ ಕಾಣುತ್ತವೆ. ಆಮೇಲೆ ದಖನಿ ಚಿತ್ರಗಳು, ಬಿದರಿ ಕೆಲಸದ ಪಾತ್ರೆಗಳು. ಅಷ್ಟು ನೋಡಿ ಹೊರಗೆ ಬನ್ನಿ.

ವಾರ ನೋಡಿ, ರಸ್ತೆ ನೋಡಿ

ಬಹಳ ಜನ ಬಾಗಿಲ ತನಕ ಹೋಗಿ ವಾಪಸ್ ಬರುವುದು ರಜೆಯ ದಿನ ಗೊತ್ತಿಲ್ಲದೆ. ಎನ್‌ಜಿಎಂಎ, ಮ್ಯಾಪ್ ಎರಡಕ್ಕೂ ಸೋಮವಾರ ರಜೆ. ಸಾಲಾರ್ ಜಂಗ್‌ಗೆ ಶುಕ್ರವಾರ. ಖಾಸಗಿ ಗ್ಯಾಲರಿಗಳು ಹೆಚ್ಚಾಗಿ ಭಾನುವಾರ ಮುಚ್ಚಿರುತ್ತವೆ. ರಿಪೇರಿಗೆಂದು ಕೆಲವು ವಿಭಾಗ ತಿಂಗಳುಗಟ್ಟಲೆ ಮುಚ್ಚುವುದೂ ಉಂಟು. ಹಿಂದಿನ ದಿನವೇ ಫೋನ್ ಮಾಡಿ ವಿಚಾರಿಸಿ.

ಎರಡು ಗ್ಯಾಲರಿ ಆರಿಸುವಾಗ ಅಕ್ಕಪಕ್ಕದವನ್ನೇ ಆರಿಸಿ. ಪರಿಷತ್ತು ಮತ್ತು ಎನ್‌ಜಿಎಂಎ ಒಂದು ಜೋಡಿ, ನಡುವೆ ಸಣ್ಣ ಆಟೊ ದಾರಿ ಅಷ್ಟೇ. ವೆಂಕಟಪ್ಪ ಮತ್ತು ಮ್ಯಾಪ್ ಇನ್ನೊಂದು ಜೋಡಿ. ಕಬ್ಬನ್ ಪಾರ್ಕ್ ಮೆಟ್ರೊದಲ್ಲಿ ಇಳಿದರೆ ನಡೆದೇ ಹೋಗಬಹುದು. ರೈಲು ಬೆಳಗ್ಗೆಯೇ ಬೆಂಗಳೂರು ಮುಟ್ಟುತ್ತದೆ, ಗ್ಯಾಲರಿ ತೆಗೆಯುವುದು ಹತ್ತು ಗಂಟೆಯ ಮೇಲೆ. ಅಷ್ಟರಲ್ಲಿ ನಾಷ್ಟಾ ಮುಗಿಸಿ, ಲಗೇಜನ್ನು ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಟ್ಟು ಬಿಡಿ.

ಜನವರಿಯಲ್ಲಿ ಹೋಗುವವರು ಚಿತ್ರಸಂತೆಯ ಭಾನುವಾರ ಯಾವುದೆಂದು ಕೇಳಿಕೊಳ್ಳಿ. ಪರಿಷತ್ತು ವರ್ಷಕ್ಕೊಮ್ಮೆ ನಡೆಸುವ ಚಿತ್ರಗಳ ಸಂತೆ ಇದು. ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರಗಳೇ. ಜನಜಂಗುಳಿಯಲ್ಲಿ ನಿಧಾನಕ್ಕೆ ನೋಡಲು ಆಗುವುದಿಲ್ಲ, ಆದರೆ ಕೈಗೆಟುಕುವ ಬೆಲೆಗೆ ಒಂದು ಚಿತ್ರ ಮನೆಗೆ ತರಬೇಕು ಎಂದರೆ ಅದೇ ಒಳ್ಳೆಯ ದಿನ.

ಖಾಸಗಿ ಗ್ಯಾಲರಿಗೆ ಹೋಗಲು ಹಿಂಜರಿಕೆ ಬೇಡ

ಗಾಜಿನ ಬಾಗಿಲು, ಎಸಿ, ಒಳಗೆ ಯಾರೂ ಇಲ್ಲ. ಇದನ್ನು ನೋಡಿಯೇ ನಮ್ಮ ಕಡೆಯವರು ಹಿಂದೆ ಸರಿಯುತ್ತಾರೆ. ಅಲ್ಲಿ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಕೊಳ್ಳಲೇಬೇಕು ಎಂದೂ ಇಲ್ಲ. ‘ಪ್ರದರ್ಶನ ನೋಡೋಕೆ ಬಂದಿದ್ದೇವೆ’ ಎಂದರೆ ಸಾಕು. ಹೊಸ ಕಲಾವಿದರು ಈಗ ಏನು ಮಾಡುತ್ತಿದ್ದಾರೆ ಎಂದು ತಿಳಿಯುವುದು ಇಂಥ ಕಡೆಯೇ. ವಿಲ್ಸನ್ ಗಾರ್ಡನ್‌ನ ಗ್ಯಾಲರಿ ಸುಮುಖ, ಶಾಂತಿನಗರದ ಒನ್ ಶಾಂತಿರೋಡ್ ಎರಡೂ ಬಹಳ ವರ್ಷಗಳಿಂದ ಕಲಾವಿದರಿಗೆ ಜಾಗ ಕೊಟ್ಟಿವೆ. ಇಲ್ಲಿ ಸದಾ ಒಂದೇ ಚಿತ್ರಗಳು ಇರುವುದಿಲ್ಲ, ಎರಡು ಪ್ರದರ್ಶನಗಳ ನಡುವೆ ಗೋಡೆ ಖಾಲಿ ಇರುವುದೂ ಉಂಟು. ಆದ್ದರಿಂದ ಜಾಗದ ಹೆಸರು ನೋಡಿ ಹೋಗಬೇಡಿ, ಯಾವ ಪ್ರದರ್ಶನ ನಡೆಯುತ್ತಿದೆ ಎಂದು ಇನ್‌ಸ್ಟಾಗ್ರಾಂನಲ್ಲಿ ನೋಡಿ ಹೋಗಿ.

ಚಿತ್ರದ ಪಕ್ಕ ಸಣ್ಣ ಕೆಂಪು ಚುಕ್ಕೆ ಅಂಟಿಸಿದ್ದರೆ ಅದು ಮಾರಾಟವಾಗಿದೆ ಎಂದರ್ಥ. ಬೆಲೆಪಟ್ಟಿ ಮೇಜಿನ ಮೇಲೆ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ಹೊರಡುವಾಗ ಮುಂದಿನ ಪ್ರದರ್ಶನ ಯಾವಾಗ ಎಂದು ಕೇಳಿ, ನಿಮ್ಮ ನಂಬರ್ ಕೊಟ್ಟು ಬನ್ನಿ. ಮುಂದಿನ ಸಲ ಟಿಕೆಟ್ ಬುಕ್ ಮಾಡುವ ಮೊದಲೇ ತಾರೀಕು ಕೈಯಲ್ಲಿರುತ್ತದೆ.