ಕೆನಡಾದ ರಾಕಿ ಪರ್ವತಗಳಿಗೆ ಮೊದಲ ಪ್ರವಾಸ: ಯಾವುದು ಮೊದಲು, ಯಾವುದು ಆಮೇಲೆ?

ಟೊರಾಂಟೊದಲ್ಲಿ ಮಗಳೋ ಮಗನೋ ಇದ್ದರೆ ಸಾಕು, ‘ಹಾಗೇ ರಾಕಿ ಪರ್ವತಗಳನ್ನೂ ನೋಡಿಕೊಂಡು ಬಂದುಬಿಡೋಣ’ ಎಂದು ಹೊರಡುವವರು ಬಹಳ. ಆದರೆ ಟೊರಾಂಟೊದಿಂದ ರಾಕಿ ಪರ್ವತಗಳ ಹೆಬ್ಬಾಗಿಲಾದ ಕ್ಯಾಲ್ಗರಿಗೆ ವಿಮಾನದಲ್ಲೇ ನಾಲ್ಕು ಗಂಟೆ ಬೇಕು. ಕಾರಿನಲ್ಲಿ ಹೊರಟರೆ ಸುಮಾರು 3,400 ಕಿ.ಮೀ. ಭಾರತದ ಮೂರು ಪಟ್ಟು ದೊಡ್ಡದಾದ ಈ ದೇಶದಲ್ಲಿ, ಒಂದೇ ದಿನಕ್ಕೆ ಧರ್ಮಸ್ಥಳ, ಕುಕ್ಕೆ, ಶೃಂಗೇರಿ ಮುಗಿಸುವ ಲೆಕ್ಕ ನಡೆಯದು. ಹತ್ತು-ಹನ್ನೆರಡು ದಿನ ರಜೆ ಇದ್ದರೆ ಒಂದೇ ಮೂಲೆಯನ್ನು ಹಿಡಿಯಿರಿ. ಮೊದಲ ಸಲಕ್ಕೆ ಆ ಮೂಲೆ ರಾಕಿ ಪರ್ವತಗಳ ರಾಷ್ಟ್ರೀಯ ಉದ್ಯಾನಗಳಾದ ಬ್ಯಾನ್ಫ್ ಮತ್ತು ಜಾಸ್ಪರ್ ಆಗಿರಲಿ. ನಯಾಗರಾ ಜಲಪಾತವನ್ನು ಮಕ್ಕಳ ಮನೆಯಲ್ಲಿ ಇರುವ ದಿನಗಳಿಗೆ ಸೇರಿಸಿಕೊಳ್ಳಿ.

ಮೊದಲು ತಿಂಗಳು

ಚಿತ್ರಗಳಲ್ಲಿ ಕಾಣುವ ಆ ನೀಲಿ ಸರೋವರಗಳು ಮೇ ತಿಂಗಳಲ್ಲಿ ಹೋದವರಿಗೆ ಬಹುತೇಕ ಸಿಗುವುದಿಲ್ಲ. ಲೇಕ್ ಲೂಯಿಸ್‌ನ ಮಂಜುಗಡ್ಡೆ ಪೂರ್ತಿ ಕರಗುವ ಹೊತ್ತಿಗೆ ಸಾಮಾನ್ಯವಾಗಿ ಜೂನ್ ಬಂದಿರುತ್ತದೆ. ಹಿಮನದಿಗಳು ಬಂಡೆಯನ್ನು ಅರೆದು ಮಾಡಿದ ನುಣ್ಣನೆಯ ಪುಡಿ ನೀರಿನಲ್ಲಿ ತೇಲುವುದರಿಂದಲೇ ಆ ಬಣ್ಣ. ಹಿಮ ಕರಗಿ ನೀರು ಹರಿದುಬಂದ ಮೇಲಷ್ಟೇ ಅದು ಏರುತ್ತದೆ. ಹಾಗಾಗಿ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸರಿಯಾದ ಕಾಲ. ಜೂನ್ ಕೊನೆಯಲ್ಲಿ ರಾತ್ರಿ ಹತ್ತರ ಸುಮಾರಿಗೆ ಸೂರ್ಯ ಮುಳುಗುವುದರಿಂದ ದಿನ ಉದ್ದವಾಗಿ ಸಿಗುತ್ತದೆ.

ಜುಲೈ-ಆಗಸ್ಟ್‌ನಲ್ಲಿ ಜನಜಂಗುಳಿ, ಬಾಡಿಗೆ ಎರಡೂ ಜಾಸ್ತಿ. ಕಾಡ್ಗಿಚ್ಚಿನ ಹೊಗೆ ಬೆಟ್ಟಗಳನ್ನೇ ಮುಚ್ಚಿಬಿಡುವುದೂ ಹೆಚ್ಚಾಗಿ ಆಗಲೇ. 2024ರ ಜುಲೈನಲ್ಲಿ ಜಾಸ್ಪರ್ ಪಟ್ಟಣದ ಸುಮಾರು ಮೂರನೇ ಒಂದು ಭಾಗದ ಕಟ್ಟಡಗಳು ಬೆಂಕಿಗೆ ಆಹುತಿಯಾದವು. ಮಕ್ಕಳ ಶಾಲೆಯ ರಜೆಯ ಕಟ್ಟುಪಾಡು ಇಲ್ಲದವರು ಸೆಪ್ಟೆಂಬರ್ ಎರಡನೇ ವಾರದ ನಂತರ ಹೋಗುವುದು ಜಾಣತನ. ಜನ ಕಡಿಮೆ, ಮೇಲಾಗಿ ಲಾರ್ಚ್ ಮರಗಳ ಎಲೆ ಹಳದಿಗೆ ತಿರುಗುವ ಎರಡು-ಮೂರು ವಾರ ಅದೇ.

ವೀಸಾ, ಟಿಕೆಟ್

ಹೊರಡುವ ಐದಾರು ತಿಂಗಳ ಮೊದಲು ವೀಸಾ ಅರ್ಜಿ ಹಾಕಿ. ಅರ್ಜಿ ಆನ್‌ಲೈನ್‌ನಲ್ಲಿ. ಶುಲ್ಕ ತಲೆಗೆ 100 ಕೆನಡಾ ಡಾಲರ್, ಬೆರಳಚ್ಚು ಮತ್ತು ಫೋಟೊಗೆ 85. ಕುಟುಂಬದವರು ಒಟ್ಟಿಗೆ ಅರ್ಜಿ ಹಾಕಿದರೆ ಬೆರಳಚ್ಚಿನ ಶುಲ್ಕ ಎಲ್ಲರಿಗೂ ಸೇರಿ 170 ದಾಟುವುದಿಲ್ಲ. ಬೆರಳಚ್ಚು ಕೊಡಲು ಬೆಂಗಳೂರಿನಲ್ಲೇ ಕೇಂದ್ರವಿದೆ. ಒಮ್ಮೆ ಕೊಟ್ಟರೆ ಹತ್ತು ವರ್ಷ ನಡೆಯುತ್ತದೆ.

ಪಾಸ್‌ಪೋರ್ಟ್ ಮುಗಿಯುವ ದಿನವನ್ನು ದಾಟಿ ವೀಸಾ ಕೊಡುವುದಿಲ್ಲ. ಅವಧಿ ಒಂದು ವರ್ಷವಷ್ಟೇ ಉಳಿದಿದ್ದರೆ ಮೊದಲು ಪಾಸ್‌ಪೋರ್ಟ್ ನವೀಕರಿಸಿ. ಅರ್ಜಿ ತಿರಸ್ಕೃತವಾಗಲು ಸಾಮಾನ್ಯ ಕಾರಣ, ‘ಇವರು ವಾಪಸ್ ಹೋಗುತ್ತಾರೆ’ ಎಂಬ ನಂಬಿಕೆ ಅಧಿಕಾರಿಗೆ ಬಾರದಿರುವುದು. ಬ್ಯಾಂಕಿಗೆ ಹಿಂದಿನ ವಾರವಷ್ಟೇ ದಿಢೀರನೆ ಬಂದು ಬಿದ್ದ ಐದು ಲಕ್ಷ ಅನುಮಾನ ಹುಟ್ಟಿಸುತ್ತದೆ. ಆರು ತಿಂಗಳ ಬ್ಯಾಂಕ್ ವಿವರ, ಆದಾಯ ತೆರಿಗೆ ರಿಟರ್ನ್, ಕಚೇರಿಯ ರಜೆ ಮಂಜೂರಾತಿ ಪತ್ರ, ಊರಿನಲ್ಲಿರುವ ಆಸ್ತಿಯ ಕಾಗದ, ದಿನವಾರು ಪ್ರವಾಸದ ಪಟ್ಟಿ ಇವೆಲ್ಲ ಒಂದಕ್ಕೊಂದು ಹೊಂದಿಕೆಯಾಗಬೇಕು. ನೆಂಟರ ಆಹ್ವಾನ ಪತ್ರ ಇದ್ದರೆ ಒಳ್ಳೆಯದು, ಅದೊಂದೇ ಸಾಲದು.

ವೀಸಾ ಕೈಸೇರುವ ತನಕ ಹಣ ವಾಪಸ್ ಬಾರದ ಟಿಕೆಟ್ ಕೊಳ್ಳಬೇಡಿ. ಬೆಂಗಳೂರಿನಿಂದ ಕೆನಡಾಕ್ಕೆ ನೇರ ವಿಮಾನವಿಲ್ಲ. ಲಂಡನ್ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿದರೆ ನೇರ ಕ್ಯಾಲ್ಗರಿಯಲ್ಲೇ ಇಳಿಯಬಹುದು. ಅಗ್ಗವೆಂದು ಅಮೆರಿಕದ ಮೂಲಕ ಹೋಗುವ ಟಿಕೆಟ್ ಕೊಂಡರೆ, ವಿಮಾನ ನಿಲ್ದಾಣ ಬಿಟ್ಟು ಹೊರಗೆ ಕಾಲಿಡದಿದ್ದರೂ ಅಮೆರಿಕದ ವೀಸಾ ಬೇಕು. ಇದು ಗೊತ್ತಿಲ್ಲದೆ ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲೇ ಪ್ರವಾಸ ಮುಗಿಯುವುದುಂಟು.

ಎಲ್ಲಿ ಎಷ್ಟು ರಾತ್ರಿ

ಹತ್ತು ರಾತ್ರಿಗಳನ್ನು ಹೀಗೆ ಹಂಚಬಹುದು: ಕ್ಯಾಲ್ಗರಿಯಲ್ಲಿ ಒಂದು, ಬ್ಯಾನ್ಫ್ ಅಥವಾ ಕ್ಯಾನ್ಮೋರ್‌ನಲ್ಲಿ ನಾಲ್ಕು, ಜಾಸ್ಪರ್‌ನಲ್ಲಿ ಮೂರು, ವಾಪಸ್ ಬರುವಾಗ ಲೇಕ್ ಲೂಯಿಸ್ ಬಳಿ ಒಂದು, ಕೊನೆಯದು ಮತ್ತೆ ಕ್ಯಾಲ್ಗರಿ. ಮೊದಲ ರಾತ್ರಿ ಕ್ಯಾಲ್ಗರಿಯಲ್ಲೇ ಉಳಿಯುವುದನ್ನು ಉಳಿತಾಯದ ಆಸೆಗೆ ಕೈಬಿಡಬೇಡಿ. 24 ಗಂಟೆಗೂ ಮೀರಿದ ಪ್ರಯಾಣದ ಮೇಲೆ, ಹೊಸ ಕಾರಿನಲ್ಲಿ, ರಸ್ತೆಯ ಬಲಬದಿಯಲ್ಲಿ ಓಡಿಸುವುದು ಅಪಾಯ.

ಬ್ಯಾನ್ಫ್ ಪಟ್ಟಣದ ಹೋಟೆಲುಗಳು ದುಬಾರಿ. ಸುಮಾರು 25 ಕಿ.ಮೀ. ದೂರದ ಕ್ಯಾನ್ಮೋರ್ ರಾಷ್ಟ್ರೀಯ ಉದ್ಯಾನದ ಗಡಿಯಿಂದ ಹೊರಗಿರುವುದರಿಂದ ಸ್ವಲ್ಪ ಅಗ್ಗ. ಅಲ್ಲಿ ಅಡುಗೆಮನೆ ಇರುವ ಕೊಠಡಿಗಳೂ ಹೆಚ್ಚು. ಎರಡು ಊರುಗಳ ನಡುವೆ ‘ರೋಮ್’ (Roam) ಎಂಬ ಸ್ಥಳೀಯ ಬಸ್ ಓಡುತ್ತದೆ. ಬೇಸಿಗೆಗಾದರೆ ಆರು ತಿಂಗಳ ಮೊದಲೇ, ಉಚಿತವಾಗಿ ರದ್ದು ಮಾಡಬಹುದಾದ ಕೊಠಡಿಯನ್ನೇ ಕಾಯ್ದಿರಿಸಿ. ಹೊಗೆ ಬಂದಾಗ ದಿಕ್ಕು ಬದಲಿಸಲು ಅನುಕೂಲ. ಬೆಂಕಿಯ ನಂತರ ಜಾಸ್ಪರ್‌ನಲ್ಲಿ ಕೊಠಡಿಗಳ ಸಂಖ್ಯೆ ಇಳಿದಿದ್ದರಿಂದ ಅಲ್ಲಿನದನ್ನು ಎಲ್ಲಕ್ಕಿಂತ ಮೊದಲು ಮಾಡಿ.

ಮೊರೇನ್ ಸರೋವರದ ಗೊಂದಲ

ಹೆಚ್ಚು ಜನ ಎಡವುವುದು ಇಲ್ಲೇ. 2023ರಿಂದ ಲೇಕ್ ಲೂಯಿಸ್ ಬಳಿಯ ಮೊರೇನ್ ಸರೋವರದ ರಸ್ತೆಗೆ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಹೋದರೂ ಅಡ್ಡಗಟ್ಟೆಯಲ್ಲಿ ವಾಪಸ್ ಕಳಿಸುತ್ತಾರೆ. ರಸ್ತೆ ಬಸ್‌ಗಳಿಗೂ ತೆರೆಯುವುದು ಜೂನ್ ಆರಂಭದಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ. ಹೋಗಲು ಸುಲಭದ ದಾರಿ, ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ಶಟಲ್ ಬಸ್ ಕಾಯ್ದಿರಿಸುವುದು. ಶಟಲ್ ಹೊರಡುವುದು ಲೇಕ್ ಲೂಯಿಸ್ ಸ್ಕೀ ರೆಸಾರ್ಟಿನ ವಾಹನ ನಿಲುಗಡೆಯಿಂದ. ಅದೇ ಟಿಕೆಟ್‌ನಲ್ಲಿ ಲೇಕ್ ಲೂಯಿಸ್, ಮೊರೇನ್ ಎರಡರ ನಡುವೆ ಓಡುವ ಬಸ್ಸನ್ನೂ ಹತ್ತಬಹುದು.

ಒಂದಷ್ಟು ಸೀಟುಗಳನ್ನು ವಸಂತದಲ್ಲೇ ಬಿಡುತ್ತಾರೆ, ಅವು ಬೇಗ ಖಾಲಿ. ಉಳಿದವನ್ನು ಪ್ರಯಾಣಕ್ಕೆ ಎರಡು ದಿನ ಮೊದಲು, ಅಲ್ಲಿನ ಬೆಳಿಗ್ಗೆ 8ಕ್ಕೆ ತೆರೆಯುತ್ತಾರೆ. ಆಗ ನಮ್ಮಲ್ಲಿ ಸಂಜೆ 7.30. ಊರಿನಲ್ಲಿ ಕುಳಿತವರು ಯಾರಾದರೂ ನಿಮಗಾಗಿ ಪ್ರಯತ್ನಿಸಬಹುದು. ಖಾತೆಯನ್ನು ಮೊದಲೇ ತೆರೆದಿಟ್ಟು, ಅಲ್ಲಿನ ಬೆಳಿಗ್ಗೆ 7.50ಕ್ಕೆ ಲಾಗಿನ್ ಆಗಿ, ಕಾರ್ಡ್ ಪಕ್ಕದಲ್ಲಿಟ್ಟುಕೊಳ್ಳಿ. ಈ ಒಂದು ಬೆಳಗಿನ ಸೀಟಿಗೆ ಉಳಿದ ದಿನಗಳ ವೇಳಾಪಟ್ಟಿಯನ್ನು ಹೊಂದಿಸಬೇಕೇ ಹೊರತು, ವೇಳಾಪಟ್ಟಿಗೆ ಸೀಟನ್ನಲ್ಲ.

ಕಾರು ಮತ್ತು 232 ಕಿಲೋಮೀಟರ್

ಬ್ಯಾನ್ಫ್ ಸುತ್ತಮುತ್ತ ಬಸ್‌ನಲ್ಲೇ ನಡೆಯುತ್ತದೆ, ಜಾಸ್ಪರ್‌ಗೆ ಕಾರು ಬೇಕು. ಡಿಎಲ್ ಜೊತೆಗೆ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಶುಲ್ಕ ಸಾವಿರ ರೂಪಾಯಿ, ಒಂದು ವರ್ಷ ನಡೆಯುತ್ತದೆ. ಕಾರು ಪಡೆಯುವಾಗ ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ಅಪ್ಪನ ಹೆಸರಿನ ಕಾರ್ಡ್, ಮಗ ಚಾಲಕ ಎಂದರೆ ಕೀಲಿ ಕೊಡುವುದಿಲ್ಲ.

ನೇರ ರಸ್ತೆಯಲ್ಲಿ ಬಲಬದಿ ಬೇಗ ರೂಢಿಯಾಗುತ್ತದೆ. ತಪ್ಪುವುದು ಎಡಕ್ಕೆ ತಿರುಗುವಾಗ: ಹಳೆಯ ಅಭ್ಯಾಸಬಲದಿಂದ ಕಾರು ಎದುರು ಬರುವವರ ಪಥಕ್ಕೇ ನುಗ್ಗುತ್ತದೆ. ಪಕ್ಕದಲ್ಲಿ ಕುಳಿತವರು ಪ್ರತಿ ತಿರುವಿನಲ್ಲೂ ‘ಬಲಕ್ಕೆ’ ಎಂದು ಹೇಳುತ್ತಿರಲಿ, ಸಂಕೋಚ ಬೇಡ. ನಾಲ್ಕೂ ಕಡೆ ‘ಸ್ಟಾಪ್’ ಫಲಕ ಇರುವ ಕೂಡುರಸ್ತೆಯಲ್ಲಿ ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ. ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಲೇಬೇಕು.

ಲೇಕ್ ಲೂಯಿಸ್‌ನಿಂದ ಜಾಸ್ಪರ್‌ವರೆಗಿನ ಐಸ್‌ಫೀಲ್ಡ್ಸ್ ಪಾರ್ಕ್‌ವೇ 232 ಕಿ.ಮೀ. ನಕ್ಷೆ ಮೂರು ಗಂಟೆ ಎನ್ನುತ್ತದೆ, ನೀವು ಇಡೀ ದಿನ ಇಟ್ಟುಕೊಳ್ಳಿ. ಪೇಟೋ ಸರೋವರ, ಅಥಾಬಾಸ್ಕಾ ಹಿಮನದಿ, ಸನ್‌ವಾಪ್ಟಾ ಮತ್ತು ಅಥಾಬಾಸ್ಕಾ ಜಲಪಾತಗಳು ಎಲ್ಲವೂ ಇದೇ ದಾರಿಯಲ್ಲಿವೆ. ದಾರಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಪೆಟ್ರೋಲ್ ಸಿಗುವುದು ನಡುವೆ ಸಸ್ಕ್ಯಾಚೆವನ್ ರಿವರ್ ಕ್ರಾಸಿಂಗ್ ಒಂದೇ ಕಡೆ, ಅದೂ ದುಬಾರಿ. ಲೇಕ್ ಲೂಯಿಸ್‌ನಲ್ಲೇ ಟ್ಯಾಂಕ್ ತುಂಬಿಸಿ. ಉದ್ಯಾನಗಳಿಗೆ ಪಾಸ್ ಬೇಕು. ಏಳು ದಿನಕ್ಕಿಂತ ಹೆಚ್ಚು ಇರುವವರಿಗೆ ದಿನದ ಪಾಸ್‌ಗಿಂತ ವರ್ಷದ ಡಿಸ್ಕವರಿ ಪಾಸ್ ಲಾಭ. ಒಂದೇ ಕಾರಿನಲ್ಲಿರುವ ಏಳು ಜನರಿಗೆ ಒಂದೇ ಕುಟುಂಬ ಪಾಸ್ ಸಾಕು.

ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ಮನೆಯ ಎಲೆಕ್ಟ್ರಿಕ್ ಕುಕ್ಕರ್, ಕೆಟಲ್ ಒಯ್ಯಬೇಡಿ. ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230. ವೋಲ್ಟೇಜ್ ಅರ್ಧದಷ್ಟಾದರೆ ಬಿಸಿಯಾಗುವ ಶಕ್ತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಪ್ಲಗ್ ಅಡಾಪ್ಟರ್ ಹಾಕಿದರೂ ಅಕ್ಕಿ ನೆನೆದೇ ಇರುತ್ತದೆ, ಬೇಯುವುದಿಲ್ಲ. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳಿಗೆ ಈ ತೊಂದರೆ ಇಲ್ಲ, ಚಪ್ಪಟೆ ಕಡ್ಡಿಯ ಅಡಾಪ್ಟರ್ ಸಾಕು.

ಚಟ್ನಿಪುಡಿ, ಹುರಿದ ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸ್ ಇಟ್ಟುಕೊಂಡರೆ ಕಸ್ಟಮ್ಸ್ ಪ್ರಶ್ನೆಯಲ್ಲಿ ‘ಆಹಾರ ಇದೆ’ ಎಂದೇ ಉತ್ತರಿಸಿ. ತಂದಿದ್ದಕ್ಕಿಂತ ಮುಚ್ಚಿಟ್ಟಿದ್ದಕ್ಕೆ ದಂಡ ಬೀಳುವುದೇ ಹೆಚ್ಚು. ತಾಜಾ ಹಣ್ಣು, ಕರಿಬೇವು ಮನೆಯಲ್ಲೇ ಇರಲಿ. ಜುಲೈನಲ್ಲೂ ಬೆಳಗಿನ ಹೊತ್ತು ಚಳಿ. ಒಂದೇ ದಪ್ಪ ಸ್ವೆಟರ್‌ಗಿಂತ ತೆಳು ಪದರಗಳು, ಮೇಲೊಂದು ಗಾಳಿ-ಮಳೆ ತಡೆಯುವ ಜಾಕೆಟ್ ಉಪಯೋಗಕ್ಕೆ ಬರುತ್ತದೆ.

ಪ್ರವಾಸಿಗಳಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಸೌಲಭ್ಯ ಅನ್ವಯಿಸುವುದಿಲ್ಲ. ವಿಮೆ ಮಾಡಿಸುವಾಗ ಬಿಪಿ, ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ, ಪರಿಹಾರ ಕೇಳುವಾಗ ಅದೇ ಮುಳುವಾಗುತ್ತದೆ. ಖರ್ಚಿನ ಲೆಕ್ಕದಲ್ಲಿ ಇನ್ನೊಂದು: ಫಲಕದಲ್ಲಿರುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಈ ಊರುಗಳಿರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ಶೇ 5 ಸೇರಿಸಿ, ಕುಳಿತು ಉಣ್ಣುವ ಹೋಟೆಲಾದರೆ ಮೇಲೆ ಶೇ 15ರಷ್ಟು ಟಿಪ್ಸ್.

ಕರಡಿ ಕಂಡರೆ 100 ಮೀಟರ್, ಎಲ್ಕ್ ಜಿಂಕೆಯಾದರೆ 30 ಮೀಟರ್ ದೂರವಿರಬೇಕು. ರಸ್ತೆಬದಿಯಲ್ಲಿ ಕಂಡರೆ ಕಾರಿನಿಂದ ಇಳಿಯಬೇಡಿ. ಕಾಲುದಾರಿಗೆ ಹೋಗುವವರು ಕರಡಿ ನಿರೋಧಕ ಸ್ಪ್ರೇಯನ್ನು ಬ್ಯಾನ್ಫ್‌ನಲ್ಲೇ ಕೊಂಡು, ಚೀಲದೊಳಗಲ್ಲ, ಸೊಂಟಕ್ಕೆ ಕಟ್ಟಿಕೊಳ್ಳಿ. ವಿಮಾನದಲ್ಲಿ ಅದನ್ನು ಕೈಚೀಲದಲ್ಲೂ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲೂ ಬಿಡುವುದಿಲ್ಲ. ಮರಳುವ ಮುನ್ನ ಹೋಟೆಲಿನವರಿಗೆ ಕೊಟ್ಟು ಬನ್ನಿ.