ತಾಲ್ಲೂಕಿನ ಪಿಟಿ ಮೇಷ್ಟ್ರು, ಆಟಗಾರರು, ಬೆನ್ನಿಗೆ ನಿಂತೋರಿಗೆ ಸನ್ಮಾನ ಮಾಡೋದು ಹೇಗೆ

ನಮ್ಮೂರಲ್ಲಿ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ನಾಲ್ಕು ವರ್ಷದಿಂದ ತಾಲ್ಲೂಕಿನ ಶಾಲಾ ಕ್ರೀಡೆಗೆ ದುಡಿದೋರನ್ನ ಗುರುತಿಸಿ ಸನ್ಮಾನ ಮಾಡ್ತಾ ಇದೀವಿ. ಅಕ್ಕಪಕ್ಕದ ತಾಲ್ಲೂಕಿನೋರು ಫೋನ್ ಮಾಡಿ ಯಾರನ್ನ ಆರಿಸ್ತೀರ, ದುಡ್ಡು ಹೇಗೆ ಹೊಂದಿಸ್ತೀರ, ಕಾರ್ಯಕ್ರಮ ಎಲ್ಲಿ ಮಾಡ್ತೀರ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಎಲ್ಲ ಒಂದೇ ಕಡೆ ಬರೆದಿಡ್ತಿದೀನಿ, ನಿಮ್ಮೂರಲ್ಲೂ ಶುರು ಮಾಡಿ ಅಂತ ನನ್ನ ಆಸೆ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ನೀವು ಶಾಲು ಹೊದಿಸೋ ಮನುಷ್ಯ ಏನು ಮಾಡಿದಾರೆ, ಎಲ್ಲಿ ಮಾಡಿದಾರೆ, ಯಾವ ವರ್ಷ ಮಾಡಿದಾರೆ ಅಂತ ನಿಮಗೆ ಗೊತ್ತಿರ್ಬೇಕು, ಅದನ್ನ ಊರಿನ ಮುಂದೆ ಬಾಯಿ ಬಿಟ್ಟು ಹೇಳ್ಬೇಕು. ಇಷ್ಟು ಆದ್ರೆ ಶಾಮಿಯಾನ ಇಲ್ದೆ ಹೋದ್ರೂ ಸನ್ಮಾನ ಚೆನ್ನಾಗಿರತ್ತೆ, ಇದೊಂದು ಇಲ್ಲ ಅಂದ್ರೆ ಎಷ್ಟು ದುಡ್ಡು ಸುರಿದ್ರೂ ಆ ಮನುಷ್ಯನಿಗೆ ಅದು ತಲುಪಲ್ಲ.

ನಮ್ಮ ದೇಶದಲ್ಲೇ ನೋಡಿ, ಆಟಗಾರರಿಗೆ ಅರ್ಜುನ ಪ್ರಶಸ್ತಿ 1961ರಲ್ಲೇ ಶುರುವಾಯ್ತು, ಕಲಿಸಿದ ಗುರುಗಳಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದಿದ್ದು 1985ರಲ್ಲಿ, ಅಂದ್ರೆ 24 ವರ್ಷ ಆದ್ಮೇಲೆ. ಕ್ರೀಡೆಗೆ ಬೆಂಬಲ ಕೊಡೋ ಸಂಸ್ಥೆಗಳಿಗೆ ಅಂತಾನೇ ರಾಷ್ಟ್ರೀಯ ಖೇಲ್ ಪ್ರೋತ್ಸಾಹನ್ ಪುರಸ್ಕಾರ ಶುರುವಾಗಿದ್ದು 2009ರಲ್ಲಿ. ಪಿ.ಟಿ. ಉಷಾ ಅವರ ಗುರು ಒ.ಎಂ. ನಂಬಿಯಾರ್ ಮೊದಲ ಸಾಲಿನ ದ್ರೋಣಾಚಾರ್ಯರಲ್ಲಿ ಒಬ್ರು, ಆದ್ರೆ ಅವರಿಗೆ ಪದ್ಮಶ್ರೀ ಘೋಷಣೆ ಆಗಿದ್ದು 2021ರಲ್ಲಿ, ಅದೇ ವರ್ಷ ಆಗಸ್ಟಲ್ಲಿ ಅವರು ತೀರಿಕೊಂಡ್ರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಒಂದು ಸೆಕೆಂಡಿನ ನೂರರಲ್ಲಿ ಒಂದು ಭಾಗದಲ್ಲಿ ಕಂಚು ಕೈತಪ್ಪಿದ ಓಟಗಾರ್ತಿ ಹಿಂದೆ ನಿಂತಿದ್ದ ಮನುಷ್ಯನಿಗೇ ಇಷ್ಟು ತಡ ಆಗಿದೆ ಅಂದ್ರೆ ನಿಮ್ಮ ತಾಲ್ಲೂಕಿನ ಡ್ರಿಲ್ ಮೇಷ್ಟ್ರ ಕಥೆ ಯೋಚ್ನೆ ಮಾಡಿ. ಅದಕ್ಕೇ ಪಟ್ಟಿ ಮಾಡುವಾಗ ವಯಸ್ಸಾದೋರನ್ನ ಮೊದಲು ಬರ್ಕೊಳಿ. ಮುಂದಿನ ವರ್ಷ ಮಾಡೋಣ ಬಿಡಿ ಅಂತ ಒಬ್ಬರನ್ನ ನಾವು ಮುಂದಕ್ಕೆ ಹಾಕಿದ್ವಿ, ಮುಂದಿನ ವರ್ಷಕ್ಕೆ ಅವರಿರ್ಲಿಲ್ಲ, ಅವರ ಮನೆಯೋರಿಗೆ ಶಾಲು ಕೊಡೋವಾಗ ನನ್ನ ಕೈ ನಡುಗ್ತಿತ್ತು.

ಈಗ ದಿನದ ವಿಷಯ. ಎಲ್ಲರಿಗೂ ಮೊದಲು ಹೊಳೆಯೋದು ಆಗಸ್ಟ್ 29, ಧ್ಯಾನ್ ಚಂದ್ ಹುಟ್ಟಿದ ದಿನ, ರಾಷ್ಟ್ರೀಯ ಕ್ರೀಡಾ ದಿನ. ದಿನ ಒಳ್ಳೇದೇ, ಆದ್ರೆ ಆ ಟೈಮಲ್ಲಿ ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ನಡೀತಾ ಇರ್ತವೆ, ಪಿಟಿ ಮೇಷ್ಟ್ರುಗಳೆಲ್ಲ ಬೆಳಿಗ್ಗೆಯಿಂದ ಸಂಜೆ ತನಕ ಮೈದಾನದಲ್ಲಿ ಡ್ಯೂಟಿ ಮೇಲೆ ಇರ್ತಾರೆ, ಯಾರಿಗೆ ಸನ್ಮಾನ ಮಾಡ್ಬೇಕೋ ಅವರೇ ಬರೋಕಾಗಲ್ಲ. ಸೆಪ್ಟೆಂಬರ್ 5 ಶಿಕ್ಷಕರ ದಿನಾಚರಣೆ ಅಂದ್ರೆ ಅಲ್ಲಿ ಪಾಠ ಮಾಡೋ ಮೇಷ್ಟ್ರುಗಳ ಸಾಲು ದೊಡ್ಡದಿರತ್ತೆ, ಪಿಟಿಯೋರು ಸೈಡಲ್ಲಿ ಮಕ್ಕಳನ್ನ ಸಾಲಾಗಿ ಕೂರಿಸ್ತಾ ನಿಂತಿರ್ತಾರೆ. ನಮಗೆ ಸರಿ ಹೋಗಿದ್ದು ಡಿಸೆಂಬರ್ ಕೊನೆ ಇಲ್ಲ ಜನವರಿ. ಅಷ್ಟೊತ್ತಿಗೆ ಜಿಲ್ಲೆ, ವಿಭಾಗ, ರಾಜ್ಯ ಮಟ್ಟದ ಆಟಗಳು ಬಹುತೇಕ ಮುಗಿದಿರ್ತವೆ, ಆ ವರ್ಷ ಯಾರ್ಯಾರು ಎಲ್ಲೀವರೆಗೆ ಹೋದ್ರು ಅಂತ ಲೆಕ್ಕ ಸಿಗತ್ತೆ, ಎಸ್ಸೆಸ್ಸೆಲ್ಸಿ ಮಕ್ಕಳು ಪರೀಕ್ಷೆ ಬಿಸಿಗೆ ಬಿದ್ದಿರಲ್ಲ.

ಆರಿಸೋಕೆ ಐದು ಜನರ ಸಮಿತಿ ಸಾಕು. ಒಬ್ರು ನಿವೃತ್ತ ಪಿಟಿ ಮೇಷ್ಟ್ರು ಇರ್ಲಿ, ಒಬ್ಬ ಹಳೇ ಆಟಗಾರ, ಕಡ್ಡಾಯವಾಗಿ ಒಬ್ಬ ಹಳೇ ಆಟಗಾರ್ತಿ, ಒಬ್ರು ಪೋಷಕರು, ಇನ್ನೊಬ್ರು ಲೆಕ್ಕಪತ್ರ ನೋಡ್ಕೊಳೋರು. ತಮ್ಮ ನೆಂಟರ ಹೆಸರು ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗ್ಬೇಕು, ಇದನ್ನ ಮೊದಲ ಮೀಟಿಂಗಲ್ಲೇ ಬರೆದು ಸೈನ್ ಹಾಕಿಸಿ, ಆಮೇಲೆ ಹೇಳಿದ್ರೆ ಮನಸ್ತಾಪ ಆಗತ್ತೆ. ಹೆಸರು ಕಳಿಸೋ ಫಾರಂ ಒಂದೇ ಪುಟ ಇರ್ಲಿ: ಯಾರು, ಯಾವ ಶಾಲೆ, ಯಾವ ವರ್ಷದಿಂದ ಯಾವ ವರ್ಷ, ಏನು ಮಾಡಿದ್ರು, ಇದನ್ನ ಕಣ್ಣಾರೆ ನೋಡಿದ ಇಬ್ಬರ ಹೆಸರು. ಅಷ್ಟೇ. ಆ ಇಬ್ಬರನ್ನ ಸಮಿತಿಯೋರು ಖುದ್ದಾಗಿ ಮಾತಾಡಿಸ್ಬೇಕು, ಫೋನಲ್ಲಾದ್ರೂ ಸರಿ.

ಕೋಚ್ ಅಂದ ತಕ್ಷಣ ಎಷ್ಟು ಕಪ್ ಗೆದ್ರು ಅಂತ ಎಣಿಸೋಕೆ ಹೋಗ್ಬೇಡಿ. ದೊಡ್ಡ ಶಾಲೆ, ದೊಡ್ಡ ಮೈದಾನ, ಹಾಸ್ಟೆಲ್ ಮಕ್ಕಳು ಇರೋ ಕಡೆ ಕಪ್ ಬರ್ತವೆ, ಅದೂ ಕಷ್ಟದ ಕೆಲಸಾನೇ, ಇಲ್ಲ ಅನ್ನಲ್ಲ. ಆದ್ರೆ ಮೈದಾನಾನೇ ಇಲ್ದಿರೋ ಶಾಲೆಯಲ್ಲಿ ಸುಗ್ಗಿ ಮುಗಿದ ಮೇಲೆ ಯಾರದ್ದೋ ಗದ್ದೆ ಬಯಲನ್ನ ಕೇಳಿ ಪಡ್ಕೊಂಡು, ಕೂಳೆ ಕಿತ್ತು, ಸುಣ್ಣದ ಪುಡೀಲಿ ಗೆರೆ ಹಾಕಿ ಕಬಡ್ಡಿ ಕಲಿಸಿದೋರು ಇದಾರಲ್ಲ, ಅವರು ವಿಭಾಗ ಮಟ್ಟಕ್ಕೆ ಒಂದು ತಂಡ ಕಳಿಸಿದ್ರೂ ಅದು ಸಣ್ಣ ಮಾತಲ್ಲ. ನಾವು ಕೇಳೋ ಪ್ರಶ್ನೆ ಎರಡು. ಇವರು ಬಂದ ಮೇಲೆ ಆಡೋ ಮಕ್ಕಳ ಸಂಖ್ಯೆ ಜಾಸ್ತಿ ಆಯ್ತಾ? ಹೆಣ್ಣುಮಕ್ಕಳು ಹತ್ತನೇ ಕ್ಲಾಸ್ ಆದ್ಮೇಲೂ ಆಟ ಬಿಡದೆ ಮುಂದುವರಿಸಿದ್ರಾ? ಎರಡನೇದಕ್ಕೆ ಹೌದು ಅಂತ ಉತ್ತರ ಬಂದ್ರೆ ನನ್ನ ಓಟು ಅವರಿಗೇ, ಯಾಕಂದ್ರೆ ಅದರ ಹಿಂದೆ ಎಷ್ಟು ಮನೆ ಬಾಗಿಲು ತಟ್ಟಿ ಅಪ್ಪ ಅಮ್ಮಂದಿರನ್ನ ಒಪ್ಪಿಸಿರ್ತಾರೆ ಅಂತ ಗೊತ್ತು.

ಈಗ ಆಡ್ತಿರೋ ಮಕ್ಕಳಲ್ಲಿ 14, 17 ವಯಸ್ಸಿನೊಳಗಿನ ಎರಡೂ ವಿಭಾಗದಿಂದ ತಗೊಳಿ, ಪಿಯು ಕಾಲೇಜಿದ್ರೆ 19ರೊಳಗಿನೋರನ್ನೂ ಸೇರಿಸಿ. ಜನ್ಮ ದಿನಾಂಕದ ದಾಖಲೆ ನೋಡ್ಲೇಬೇಕು, ವಯಸ್ಸು ಕಮ್ಮಿ ತೋರಿಸಿ ಆಡಿಸೋದು ಶಾಲಾ ಕ್ರೀಡೆಗೆ ಅಂಟಿರೋ ಹಳೇ ಕಾಯಿಲೆ, ಅಂಥದ್ದಕ್ಕೆ ಶಾಲು ಹೊದಿಸಿದ್ರೆ ಸೋತ ಮಗುವಿಗೆ ಅನ್ಯಾಯ ಮಾಡ್ದಂಗೆ. ಅಂಗವಿಕಲ ಮಕ್ಕಳ ಆಟಗಳನ್ನ ಮರೀಬೇಡಿ.

ಹಳೇ ಆಟಗಾರರನ್ನ ಹುಡುಕೋದಿದೆಯಲ್ಲ, ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟದ್ದು ಅದೇ. ಎಲ್ಲಿಂದ ಶುರು ಮಾಡೋದು ಅಂದ್ರೆ ಹೆಡ್ಮಾಸ್ಟರ್ ರೂಮಿನ ಬೀರು ಮೇಲಿಂದ. ನಮ್ಮ ಶಾಲೆಯಲ್ಲಿ ಒಂದು ಹಿತ್ತಾಳೆ ಶೀಲ್ಡ್ ಕಪ್ಪಾಗಿ ಕೂತಿತ್ತು, ಏನು ಬರೆದಿದೆ ಅಂತಾನೇ ಕಾಣ್ತಿರ್ಲಿಲ್ಲ, ಬಿಸಿಯೂಟದ ಅಕ್ಕ ಸ್ವಲ್ಪ ಹುಣಸೆಹಣ್ಣು ತಂದ್ಕೊಟ್ರು, ತಿಕ್ಕಿ ತೊಳೆದ ಮೇಲೆ ಒಂದೊಂದೇ ಅಕ್ಷರ ಎದ್ದು ಬಂತು, 1987, ತಾಲ್ಲೂಕು ಮಟ್ಟ, ಬಾಲಕಿಯರ ಖೋಖೋ, ಪ್ರಥಮ. ಶಾಲೆಯಲ್ಲಿ ಯಾರಿಗೂ ಅದು ನೆನಪಿರ್ಲಿಲ್ಲ. ಖೋಖೋ ತಂಡ ಅಂದ್ರೆ ಅಂಗಳದಲ್ಲಿ ಒಂಬತ್ತು ಜನ, ಒಟ್ಟು ಹನ್ನೆರಡು. ಆ ಹನ್ನೆರಡು ಹುಡುಗೀರು ಯಾರು, ಈಗ ಎಲ್ಲಿದಾರೆ?

ಹೆಣ್ಣುಮಕ್ಕಳನ್ನ ಹುಡುಕೋದು ಗಂಡಸರನ್ನ ಹುಡುಕಿದಷ್ಟು ಸುಲಭ ಇಲ್ಲ, ಮದುವೆ ಆಗಿ ಊರು ಬಿಟ್ಟಿರ್ತಾರೆ. ಹೆಡ್ಮಾಸ್ಟರ್ ಒಪ್ಪಿಗೆ ತಗೊಂಡು ಆ ವರ್ಷದ ದಾಖಲಾತಿ ರಿಜಿಸ್ಟರ್ ತೆಗೆಸಿ, ಅಪ್ಪನ ಹೆಸರು, ಊರು ಅದರಲ್ಲಿರತ್ತೆ, ಆಮೇಲೆ ಆ ಊರಿಗೆ ಹೋಗಿ ತವರಿನ ಕೇರಿಯಲ್ಲಿ ಕೇಳಿ, ಯಾವ ಊರಿಗೆ ಕೊಟ್ಟಿದಾರೆ ಅಂತ ಅಲ್ಲಿ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ. ಒಬ್ರು ಸಿಕ್ರೆ ಅವರ ಹತ್ರ ಗ್ರೂಪ್ ಫೋಟೋ ಇರತ್ತೆ, ಫೋಟೋ ಸಿಕ್ರೆ ಉಳಿದೋರ ಹೆಸರು ಸಿಗತ್ತೆ. ನಮಗೆ ಎಂಟು ಜನ ಸಿಕ್ಕಿದ್ರು, ಇಬ್ಬರು ತೀರಿಹೋಗಿದ್ರು, ಇನ್ನಿಬ್ಬರು ಇನ್ನೂ ಸಿಕ್ಕಿಲ್ಲ. ಎಂಟರಲ್ಲಿ ಒಬ್ರು ಅಂಗನವಾಡಿ ಸಹಾಯಕಿ, ಅವರ ಮನೆಗೆ ಹೋಗಿ ಶೀಲ್ಡಿನ ಫೋಟೋ ಮೊಬೈಲಲ್ಲಿ ತೋರಿಸಿದಾಗ ಅವರು ಕೈಲಿದ್ದ ಮೊರ ಕೆಳಗಿಟ್ಟು ಸುಮ್ಮನೆ ನೋಡ್ತಾ ನಿಂತ್ಬಿಟ್ರು, ಒಳಗಿಂದ ಬಂದ ಮಗ, ಆಗಲೇ ಮೂವತ್ತು ದಾಟಿರೋನು, ‘ಅವ್ವಾ, ನೀನ್ ಖೋಖೋ ಆಡ್ತಿದ್ಯಾ?’ ಅಂತ ಕೇಳ್ದ. ‘ಕೊನೇ ಪೋಲ್ ಡೈವ್ ನಂದೇ ಕಣ್ಲಾ’ ಅಂದ್ರು (ಕಂಬ ಹಿಡಿದು ಹಾರಿ ಎದುರಾಳಿಯನ್ನ ಮುಟ್ಟೋದಕ್ಕೆ ಪೋಲ್ ಡೈವ್ ಅಂತಾರೆ). ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ರು, ಅದನ್ನ ಟಿವಿಯಲ್ಲಿ ನೋಡಿದ ನಮ್ಮ ಮಕ್ಕಳಿಗೆ ಅದೇ ಆಟ ಗೆದ್ದೋರು ಪಕ್ಕದ ಬೀದಿಯಲ್ಲೇ ಇದಾರೆ ಅಂತ ಗೊತ್ತಾಗ್ಬೇಕು.

ಇನ್ನು ಬೆನ್ನಿಗೆ ನಿಂತೋರು. ಇದಕ್ಕೆ ದುಡ್ಡು ಕೊಟ್ಟ ದಾನಿಗಳ ಹೆಸರೇ ಮೊದಲು ಬರ್ತವೆ, ಬರ್ಲಿ, ಅವರಿಗೂ ಋಣ ಇದೆ. ಆದ್ರೆ ಕ್ರೀಡಾಕೂಟದ ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಉಪ್ಪಿಟ್ಟು ಕಟ್ಟಿಕೊಟ್ಟ ಅಡುಗೆ ಅಕ್ಕಂದಿರು, ಬಾಡಿಗೆ ತಗೊಳ್ದೆ ಮಕ್ಕಳನ್ನ ತಾಲ್ಲೂಕು ಕೇಂದ್ರಕ್ಕೆ ಕರ್ಕೊಂಡ್ಹೋದ ಟೆಂಪೋದೋರು, ಕಾಲು ಉಳುಕಿದ ಮಗುವಿಗೆ ರಾತ್ರಿ ಬಂದು ಪಟ್ಟಿ ಕಟ್ಟಿದ ನರ್ಸಮ್ಮ, ವರ್ಷಗಟ್ಟಲೆ ಸಂಬಳ ಇಲ್ದೆ ಅಂಪೈರಿಂಗ್ ಮಾಡಿದೋರು, ಮೈದಾನದ ಜಾಗ ಒತ್ತುವರಿ ಆಗದಂಗೆ ತಡೆದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಇವರ ಹೆಸರನ್ನ ಯಾರೂ ಫಾರಂ ತುಂಬಿ ಕಳಿಸಲ್ಲ, ನೀವೇ ಮೈದಾನಕ್ಕೆ ಹೋಗಿ ಮಕ್ಕಳನ್ನ ಕೇಳ್ಬೇಕು. ‘ನಿಮಗೆ ಹಸಿವಾದಾಗ ಯಾರು ಊಟ ಕೊಟ್ರು, ಯಾರು ಕರ್ಕೊಂಡ್ಬಂದ್ರು?’ ಅಂತ ಕೇಳಿ, ಮಕ್ಕಳು ಥಟ್ ಅಂತ ಹೇಳ್ತಾರೆ.

ಸನ್ಮಾನ ಪತ್ರ ಬರೆಯೋದು ಹೇಗೆ ಅಂತ ತುಂಬ ಜನ ಕೇಳ್ತಾರೆ. ಪ್ರಿಂಟಿಂಗ್ ಪ್ರೆಸ್ಸಲ್ಲಿ ರೆಡಿ ಇರೋ ಸಾಲು ಇದು: ‘ಸರಳ ಸಜ್ಜನಿಕೆಯ, ಮೃದು ಸ್ವಭಾವದ ತಾವು ಕ್ರೀಡಾ ಕ್ಷೇತ್ರಕ್ಕೆ ಸಲ್ಲಿಸಿದ ಅನುಪಮ ಸೇವೆಯನ್ನು ಗುರುತಿಸಿ’. ಇದನ್ನ ಯಾರಿಗೆ ಬೇಕಾದ್ರೂ ಓದಬಹುದು, ಅದೇ ಅದರ ತೊಂದರೆ. ನಾವು ಒಬ್ಬ ಪಿಟಿ ಮೇಡಂಗೆ ಬರೆದಿದ್ದು ಹೀಗಿತ್ತು: ‘ನೀವು ನಮ್ಮ ಶಾಲೆಗೆ ಬಂದಾಗ ಹುಡುಗೀರು ಆಟದ ಪೀರಿಯಡ್ಡಲ್ಲಿ ಮರದ ಕೆಳಗೆ ಕೂರ್ತಿದ್ರು. ನೀವು ಮೊದಲ ದಿನ ನಿಮ್ಮ ಸೀರೆ ಸೆರಗು ಸಿಕ್ಕಿಸ್ಕೊಂಡು ನೀವೇ ಥ್ರೋಬಾಲ್ ಸರ್ವ್ ಮಾಡಿ ತೋರಿಸಿದ್ರಿ. ಅವತ್ತು ಎದ್ದು ಬಂದ ಮೂರು ಜನ ಇವತ್ತು ಈ ಸಭೆಯಲ್ಲಿದಾರೆ.’ ಇಷ್ಟೇ. ಓದೋವಾಗ ಆ ಮೂರು ಜನ ಎದ್ದು ನಿಂತ್ರು, ಮೇಡಂ ಕಣ್ಣೊರೆಸ್ಕೊಂಡ್ರು. ನೀವೂ ಕಣ್ಣಿಗೆ ಕಟ್ಟೋಂಥ ಒಂದು ಘಟನೆ ಹಿಡಿದು ಬರೀರಿ, ಆರೇಳು ಸಾಲು ಮೀರಬಾರದು, ಶಿಷ್ಯರಲ್ಲೊಬ್ಬರು ಓದ್ಬೇಕು. ಹೆಸರು, ಇನಿಷಿಯಲ್, ಇಸವಿ ಎಲ್ಲ ಸರಿ ಇದೆಯಾ ಅಂತ ಪ್ರಿಂಟಿಗೆ ಹೋಗೋ ಮುಂಚೆ ಅವರ ಮನೆಯೋರಿಗೇ ತೋರಿಸಿ.

ಕಾರ್ಯಕ್ರಮ ಮೈದಾನದಲ್ಲೇ ಮಾಡಿ, ಕಲ್ಯಾಣ ಮಂಟಪ ಬೇಡ. ಹೆಡ್ಮಾಸ್ಟರ್, ಎಸ್‌ಡಿಎಂಸಿ ಒಪ್ಪಿಗೆ ಲಿಖಿತವಾಗಿ ತಗೊಳಿ, ಬಿಇಒ ಆಫೀಸಿಗೆ ಒಂದು ಪತ್ರ ಕೊಡಿ, ಮೈಕಿಗೆ ಪೊಲೀಸ್ ಸ್ಟೇಷನ್ ಅನುಮತಿ ಬೇಕು. ಸೇವೆಯಲ್ಲಿರೋ ಶಿಕ್ಷಕರು ಬರ್ಬೇಕಂದ್ರೆ ಭಾನುವಾರ ಒಳ್ಳೇದು. ಮೊದಲ ವರ್ಷ ನಾವು ಒಂದು ದೊಡ್ಡ ತಪ್ಪು ಮಾಡಿದ್ವಿ, ವೇದಿಕೆ ಮೇಲೆ ಹದಿನೇಳು ಜನ ಗಣ್ಯರನ್ನ ಕೂರಿಸಿ ಎಲ್ಲರಿಗೂ ಮಾತು ಕೊಟ್ವಿ, ಸನ್ಮಾನದ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು, ಶುಗರ್ ಇದ್ದ ಎಪ್ಪತ್ತು ದಾಟಿದ ಮೇಷ್ಟ್ರು ಊಟ ಇಲ್ದೆ ಸುಸ್ತಾಗಿ ಕೂತಿದ್ರು, ಮಕ್ಕಳು ಅರ್ಧಕ್ಕರ್ಧ ಹೋಗ್ಬಿಟ್ಟಿದ್ರು. ಈಗ ವೇದಿಕೆ ಮೇಲೆ ಸನ್ಮಾನಿತರು ಮಾತ್ರ, ಅತಿಥಿಗಳು ಮುಂದಿನ ಸಾಲಲ್ಲಿ, ಒಬ್ಬರೇ ಮಾತಾಡೋದು, ಹತ್ತು ನಿಮಿಷ. ಸ್ವಾಗತ ಆದ ತಕ್ಷಣ ಸನ್ಮಾನ, ವಯಸ್ಸಾದೋರಿಂದ ಶುರು. ಒಂದು ಪ್ರದರ್ಶನ ಪಂದ್ಯ ಇಟ್ಕೊಳಿ, ಟಾಸ್ ಹಾಕೋದು, ಮೊದಲ ವಿಷಲ್ ಊದೋದು ಆ ಹಳೇ ಮೇಷ್ಟ್ರು. ವಿಷಲ್ ಬಾಯಿಗಿಟ್ಟ ತಕ್ಷಣ ಅವರ ಬೆನ್ನು ನೆಟ್ಟಗಾಗೋದನ್ನ ನಾನು ನಾಲ್ಕು ವರ್ಷಾನೂ ನೋಡಿದೀನಿ.

ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಇರ್ಲಿ, ನಮ್ಮ ಪದ್ಧತಿ ಅದು, ಬಿಡೋದು ಬೇಡ. ಸ್ಮರಣಿಕೆ ಮಾತ್ರ ಗಾಜಿನದ್ದು ಬೇಡ, ಬಸ್ಸಲ್ಲಿ ತಗೊಂಡ್ಹೋಗೋವಾಗ ಒಡೆದು ಹೋಗತ್ತೆ. ಮೇಷ್ಟ್ರಿಗೆ ಹೆಸರು ಕೆತ್ತಿಸಿದ ಸ್ಟೀಲ್ ವಿಷಲ್ ಕೊಡಿ, ಮಕ್ಕಳಿಗೆ ಅಳತೆ ಕೇಳಿ ತಂದ ಸ್ಪೈಕ್ಸ್ ಕೊಡಿ, ಸೈಜ್ ಕೇಳ್ದೆ ತರಬೇಡಿ. ನಗದು ಕೊಡೋದಾದ್ರೆ ಮಗುವಿನ ಇಲ್ಲ ತಾಯಿ ಬ್ಯಾಂಕ್ ಖಾತೆಗೆ ಹಾಕಿ, ಲಕೋಟೆ ಕೊಡೋ ಫೋಟೋ ಬೇಡ. ಮಕ್ಕಳ ಫೋಟೋ ಹಾಕೋಕೆ ಅಪ್ಪ ಅಮ್ಮನ ಒಪ್ಪಿಗೆ ಇರ್ಲಿ. ಚಂದಾ ಎತ್ತಿದ ಪ್ರತಿ ರೂಪಾಯಿಗೂ ರಸೀದಿ, ಕಾರ್ಯಕ್ರಮ ಆದ ವಾರದೊಳಗೆ ಜಮಾ ಖರ್ಚು ಬರೆದು ಶಾಲೆ ನೋಟಿಸ್ ಬೋರ್ಡಿಗೆ ಅಂಟಿಸಿ.

ಅರ್ಹರಿದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕೊಡೋ ಏಕಲವ್ಯ ಪ್ರಶಸ್ತಿ ಇದೆ, ನಮ್ಮ ದೇಸಿ ಆಟಗಳೋರಿಗೆ ಕ್ರೀಡಾ ರತ್ನ ಇದೆ, ಕ್ರೀಡೆ ಬೆಳೆಸೋ ಸಂಸ್ಥೆಗಳಿಗೆ ಕ್ರೀಡಾ ಪೋಷಕ ಪ್ರಶಸ್ತಿ ಇದೆ, ಅರ್ಜಿ ಕರೆದಾಗ ಹಳ್ಳಿ ಕಡೆಯೋರಿಗೆ ಸುದ್ದಿ ತಲುಪೋದೇ ಕಷ್ಟ. ನೀವು ಆಗಲೇ ಸರ್ಟಿಫಿಕೇಟು, ಫೋಟೋ, ಇಸವಿ ಎಲ್ಲ ಒಟ್ಟು ಮಾಡಿರ್ತೀರಲ್ಲ, ಅದನ್ನೇ ಫೈಲ್ ಮಾಡಿ ಜಿಲ್ಲಾ ಕ್ರೀಡಾ ಇಲಾಖೆ ಆಫೀಸಿಗೆ ಅವರ ಜೊತೆ ನೀವೇ ಹೋಗಿ ಬನ್ನಿ.

ಕೊನೆಗೆ ಗೋಡೆ. ಶಾಲೆಯ ಒಂದು ಗೋಡೆಗೆ ಬಣ್ಣ ಬಳಿಸಿ ಪ್ರತಿ ವರ್ಷದ ಹೆಸರುಗಳನ್ನ ಪೇಂಟರ್ ಕೈಲಿ ಬರೆಸಿ, ಫ್ಲೆಕ್ಸ್ ಆದ್ರೆ ಎರಡು ಮಳೆಗಾಲಕ್ಕೆ ಹರಿದು ಹೋಗತ್ತೆ. 1987ರ ತಂಡದ ಕೆಳಗೆ ನಾವು ಹತ್ತು ಹೆಸರು ಬರೆಸಿ ಎರಡು ಸಾಲು ಖಾಲಿ ಬಿಟ್ಟಿದೀವಿ. ಒಬ್ರು ಹಾಸನ ಕಡೆ ಇದಾರೆ ಅಂತ ಹೋದ ವಾರ ಯಾರೋ ಹೇಳಿದ್ರು, ಈ ಭಾನುವಾರ ಹೋಗಿ ನೋಡ್ಬೇಕು.