ಮೆಡಿಕಲ್ ಸೀಟಿಗೆ ಆಪ್ಷನ್ ಎಂಟ್ರಿ: ಯಾದಗಿರಿ, ಕೊಪ್ಪಳ ಬಿಡಬೇಡಿ

ಯಾದಗಿರಿ, ಹಾವೇರಿ, ಚಿಕ್ಕಮಗಳೂರಿನಲ್ಲಿ 2022ರಿಂದ ಸರ್ಕಾರಿ ಮೆಡಿಕಲ್ ಕಾಲೇಜುಗಳು ನಡೆಯುತ್ತಿವೆ. ಮೆಡಿಕಲ್ ಕಾಲೇಜೇ ಇಲ್ಲದ ಕಡೆ ಜಿಲ್ಲಾ ಆಸ್ಪತ್ರೆಗೆ ಸೇರಿಸಿ ಕಾಲೇಜು ಕಟ್ಟುವ ಕೇಂದ್ರದ ಯೋಜನೆಯಲ್ಲಿ ಬಂದವು ಇವು. ಖರ್ಚಿನಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಅದಕ್ಕೂ ಮೊದಲೇ ರಾಯಚೂರು, ಬೀದರ್, ಕೊಪ್ಪಳ, ಗದಗ, ಕಾರವಾರ, ಚಾಮರಾಜನಗರಗಳಲ್ಲಿ ಕಾಲೇಜು ಬಂದಿದ್ದವು. ಇಷ್ಟೆಲ್ಲ ಇದ್ದರೂ ಹಳ್ಳಿಯ ಮಕ್ಕಳು ಪ್ರತಿವರ್ಷ ಕೈಗೆ ಸಿಗುವ ಸೀಟನ್ನು ಕಳೆದುಕೊಳ್ಳುತ್ತಾರೆ. ರ‍್ಯಾಂಕ್ ಸಾಲದೆ ಅಲ್ಲ, ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನಿನಲ್ಲಿ ತುಂಬುವುದು, ತಪ್ಪಾಗಿ. ಅದಕ್ಕೇ ಈ ಲೇಖನ.

ಮೊದಲು ಅರ್ಜಿ. ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್ ಬರೆದರಷ್ಟೇ ಸಾಲದು, ಕೆಇಎ ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೂ ಅರ್ಜಿ ಹಾಕಬೇಕು. ಸರ್ಕಾರಿ ಕಾಲೇಜುಗಳ ಶೇ 85 ಸೀಟು ಹಂಚುವುದು ಕೆಇಎ. ಉಳಿದ ಶೇ 15 ಅಖಿಲ ಭಾರತ ಕೋಟಾ, ಅದಕ್ಕೆ ಎಂಸಿಸಿ ಅಂದರೆ ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿಯಲ್ಲಿ ಬೇರೆ ನೋಂದಣಿ. ಎರಡೂ ಮಾಡಿ.

ನಂತರ ದಾಖಲೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ, ಶೇ 15. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಇನ್ನೊಂದು ಶೇ 5. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ ಮಾತ್ರ ಇದ್ದರೆ ಆಗುವುದಿಲ್ಲ, ಬಿಇಒ ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಶಾಲೆ ಪಟ್ಟಣ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಅದು ಗ್ರಾಮೀಣ ಅಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು, ಅಂದರೆ ಕಲ್ಯಾಣ ಕರ್ನಾಟಕದವರು, ಈ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. ಈ ಭಾಗದ ಕಾಲೇಜುಗಳಲ್ಲಿ ಶೇ 70, ಹೊರಗಿನ ಕಾಲೇಜುಗಳಲ್ಲಿ ಶೇ 8 ಸೀಟು ನಿಮಗೇ ಮೀಸಲು. ಇಷ್ಟು ದೊಡ್ಡ ಪಾಲನ್ನು ಒಂದು ಕಾಗದ ಇಲ್ಲ ಅಂತ ಬಿಟ್ಟುಕೊಡುವುದು ಸಂಕಟದ ವಿಷಯ ಅಲ್ವಾ? ಕೋಟಾ ಬೇಕೆಂದು ಅರ್ಜಿಯಲ್ಲೇ ಹೇಳಿರಬೇಕು.

ಈಗ ಆಪ್ಷನ್ ಎಂಟ್ರಿ. ಸೈಬರ್ ಸೆಂಟರಿನಲ್ಲಿ ನಡೆಯುವುದು ಹೀಗೆ. ಅಪ್ಪ ಹಿಂದೆ ನಿಂತಿರುತ್ತಾರೆ, ಮಗಳು ಪಕ್ಕದಲ್ಲಿ ಕೂತಿರುತ್ತಾಳೆ. ಟೈಪ್ ಮಾಡುವ ಹುಡುಗ ಕೇಳುತ್ತಾನೆ: ‘ಬೆಂಗಳೂರು ಹಾಕ್ಲಾ, ಮೈಸೂರು ಹಾಕ್ಲಾ?’ ಎಂಟು-ಹತ್ತು ಕಾಲೇಜು ಹಾಕಿ ‘ಸಾಕು, ಜಾಸ್ತಿ ಹಾಕಿದ್ರೆ ದೂರ ಎಲ್ಲೋ ಬೀಳುತ್ತೆ’ ಅಂತ ಸೇವ್ ಒತ್ತಿಬಿಡುತ್ತಾನೆ. ಸೀಟು ತಪ್ಪುವುದು ಅಲ್ಲೇ.

ಕಂಪ್ಯೂಟರ್ ಸೀಟು ಕೊಡುವ ಕ್ರಮ ಸರಳ. ರ‍್ಯಾಂಕ್ ಪ್ರಕಾರ ನಿಮ್ಮ ಸರದಿ ಬಂದಾಗ ಅದು ಮೊದಲ ಆಪ್ಷನ್ ನೋಡುತ್ತದೆ. ಅಲ್ಲಿ ನಿಮ್ಮ ವರ್ಗಕ್ಕೆ ಸೀಟಿದ್ದರೆ ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ಮೇಲಿನ ಯಾವುದೂ ಸಿಗದಿದ್ದಾಗ ಮಾತ್ರ ಕೆಳಗಿನದಕ್ಕೆ ಹೋಗುತ್ತದೆ. ಹಾಗಾಗಿ ಇಪ್ಪತ್ತನೇ ಸಾಲಿನಲ್ಲಿ ಯಾದಗಿರಿ ಬರೆದರೆ ಮೊದಲ ಸಾಲಿನ ಮೈಸೂರಿಗೆ ಏನೂ ನಷ್ಟವಿಲ್ಲ. ಬರೆಯದಿದ್ದರೆ ಮಾತ್ರ ಆ ಸೀಟು ನಿಮಗಿಂತ ಹಿಂದಿನ ರ‍್ಯಾಂಕಿನವರಿಗೆ ಹೋಗುತ್ತದೆ.

ಪಟ್ಟಿಯನ್ನು ಮನೆಯಲ್ಲೇ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೆಇಎ ವೆಬ್‌ಸೈಟಿನಲ್ಲಿ ಹಿಂದಿನ ವರ್ಷದ ಕಟ್-ಆಫ್, ಅಂದರೆ ಯಾವ ರ‍್ಯಾಂಕಿನವರೆಗೆ ಸೀಟು ಸಿಕ್ಕಿತ್ತು ಅನ್ನುವ ಪಟ್ಟಿ, ಸಿಗುತ್ತದೆ. ಅದರಲ್ಲಿ ಸುಮ್ನೆ ಜಿಎಂ (ಸಾಮಾನ್ಯ ವರ್ಗ) ಸಾಲು ನೋಡಿ ಎದೆಗುಂದಬೇಡಿ. ನಿಮ್ಮ ವರ್ಗದ ಸಂಕೇತದಲ್ಲಿ ‘ಆರ್’ ಇದ್ದರೆ ಗ್ರಾಮೀಣ, ‘ಕೆ’ ಇದ್ದರೆ ಕನ್ನಡ ಮಾಧ್ಯಮ, ‘ಎಚ್’ ಇದ್ದರೆ ಕಲ್ಯಾಣ ಕರ್ನಾಟಕ. ಆ ಸಾಲು ನೋಡಿ. ಹಾಗಂತ ಕಟ್-ಆಫ್ ನೋಡಿ ಕ್ರಮ ಬದಲಿಸಬೇಡಿ. ಕ್ರಮ ನಿಮ್ಮ ಇಷ್ಟದ್ದೇ ಇರಲಿ. ಸಿಗಲಾರದು ಅನಿಸಿದ ಕಾಲೇಜನ್ನೂ ಮೇಲೆ ಬರೆಯಿರಿ.

ನನ್ನ ಖಚಿತ ಸಲಹೆ: ರಾಜ್ಯದ ಒಂದೊಂದು ಸರ್ಕಾರಿ ಕಾಲೇಜನ್ನೂ ಬರೆದು ಮುಗಿಸಿದ ಮೇಲೆಯೇ ಖಾಸಗಿ ಕಾಲೇಜಿಗೆ ಕೈ ಹಾಕಿ. ಹೊಸ ಕಾಲೇಜಿನಲ್ಲಿ ಬೋಧಕರ ಕೊರತೆ ಇರಬಹುದು, ನಿಜ. ಆದರೆ ಈ ಕಾಲೇಜುಗಳಿಗೆಲ್ಲ ಪದವಿ ಕೊಡುವುದು ಒಂದೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ. ಪಾಠದ ಆಸ್ಪತ್ರೆಯೂ ಇಡೀ ಜಿಲ್ಲೆಯ ರೋಗಿಗಳು ಬರುವ ಆಸ್ಪತ್ರೆ, ಅಲ್ಲಿ ಕಲಿಯಲು ಬೇಕಾದಷ್ಟಿದೆ.

ಖಾಸಗಿ ಕಾಲೇಜು ಬರೆಯುವಾಗ ಶುಲ್ಕದ ಕಾಲಂ ಮೇಲೆ ಬೆರಳಿಟ್ಟು ಓದಿ. ಒಂದೇ ಕಾಲೇಜು ಸರ್ಕಾರಿ ಸೀಟು, ಖಾಸಗಿ ಸೀಟು, ಎನ್‌ಆರ್‌ಐ ಸೀಟು ಅಂತ ಬೇರೆ ಬೇರೆ ಸಾಲಿನಲ್ಲಿ ಬರುತ್ತದೆ. ಹೆಸರು ಅದೇ, ಶುಲ್ಕದಲ್ಲಿ ಮಾತ್ರ ಹಲವು ಲಕ್ಷದ ಅಂತರ. ಕಟ್ಟಲಾಗದ ಸಾಲನ್ನು ಬರೆಯಲೇಬೇಡಿ. ಸರ್ಕಾರಿ ಕಾಲೇಜಿಗಿಂತ ಮೇಲೆ ಬರೆದು ಅದೇ ಸಿಕ್ಕಿಬಿಟ್ಟರೆ, ಆ ಸುತ್ತಿನಲ್ಲಿ ಕೆಳಗಿನ ಸರ್ಕಾರಿ ಸೀಟಿನ ಕಡೆ ಕಂಪ್ಯೂಟರ್ ನೋಡುವುದೇ ಇಲ್ಲ.

ದುಡ್ಡು ತೆಗೆದುಕೊಂಡು ‘ರೆಡಿಮೇಡ್ ಆಪ್ಷನ್ ಲಿಸ್ಟ್’ ಕೊಡುವವರಿದ್ದಾರೆ. ಬೇಡ. ಅದೇ ಪಟ್ಟಿ ನೂರಾರು ಮಕ್ಕಳ ಕೈಯಲ್ಲಿರುತ್ತದೆ, ನಿಮ್ಮ ಮನೆಯ ಹಣಕಾಸು ಅದಕ್ಕೆ ಗೊತ್ತಿರುವುದಿಲ್ಲ. ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ಮೊಬೈಲಿನ ಸಣ್ಣ ಪರದೆಯಲ್ಲಿ ಸಾಲು ತಪ್ಪುತ್ತದೆ, ಕಂಪ್ಯೂಟರಿನಲ್ಲೇ ಮಾಡಿ. ಸೇವ್ ಆದ ಪಟ್ಟಿಯನ್ನು ಪ್ರಿಂಟ್ ತೆಗೆದು ನೋಟ್‌ಬುಕ್ಕಿಗೆ ಹೋಲಿಸಿ.

ಅಣಕು ಹಂಚಿಕೆ. ಇದು ಪ್ರಯೋಗ ಮಾತ್ರ, ಸೀಟಲ್ಲ. ಸಿಕ್ಕಿದ್ದು ನೋಡಿ, ಕೊಟ್ಟ ಸಮಯದೊಳಗೆ ಪಟ್ಟಿ ತಿದ್ದಿ.

ನಿಜವಾದ ಹಂಚಿಕೆ ಬಂದ ಮೇಲೆ ನಾಲ್ಕು ಆಯ್ಕೆ ಇರುತ್ತವೆ. ಒಂದು, ಒಪ್ಪಿ ಸೇರುವುದು. ಎರಡು, ಇದನ್ನು ಹಿಡಿದುಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು. ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಪೂರ್ತಿ ಹೊರಬರುವುದು. ಸರ್ಕಾರಿ ಸೀಟು ಸಿಕ್ಕವರು ಮೂರನ್ನು ಮುಟ್ಟಲೇಬೇಡಿ. ಎರಡನ್ನು ಒತ್ತುವ ಮೊದಲು ಮೇಲಿನ ಸಾಲುಗಳನ್ನು ಇನ್ನೊಮ್ಮೆ ಓದಿ. ಅವುಗಳಲ್ಲಿ ಒಂದು ಸಿಕ್ಕರೆ ಕೈಯಲ್ಲಿರುವುದು ತಾನಾಗಿಯೇ ರದ್ದಾಗುತ್ತದೆ. ಈಗ ಬೇಡ ಅನಿಸಿದ ಆಪ್ಷನ್ ಮೇಲಿದ್ದರೆ, ತೆಗೆಯಲು ಅವಕಾಶ ಕೊಟ್ಟಾಗ ತೆಗೆದುಬಿಡಿ.

ಕೊನೆಯದು ಶುಲ್ಕ ಕಟ್ಟಿ, ಪ್ರವೇಶ ಆದೇಶ ಇಳಿಸಿಕೊಂಡು, ಮೂಲ ದಾಖಲೆಗಳೊಂದಿಗೆ ಕಾಲೇಜಿಗೆ ವರದಿ ಮಾಡಿಕೊಳ್ಳುವುದು. ಕೊನೆಯ ದಿನದವರೆಗೆ ಕಾಯಬೇಡಿ. ಹೊರಡುವ ಮೊದಲು ಕಾಲೇಜಿಗೆ ಫೋನ್ ಮಾಡಿ ಹಾಸ್ಟೆಲ್ ವಿಚಾರಿಸಿ. ಎಲ್ಲ ದಾಖಲೆಗೂ ಎರಡು ಸೆಟ್ ಜೆರಾಕ್ಸ್ ಮಾಡಿಸಿಕೊಳ್ಳಿ, ಮೂಲ ಪ್ರತಿ ಕೊಟ್ಟಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ.